ಹೇಳಿಸುವವರಿಲ್ಲದ ಮನೆ

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಹೇಳಿದವರು ನನ್ನ ಸೋದರಮಾವ, ಅವ್ವನ ಅಣ್ಣ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ತೂಕ ಹಾಕುವ ಕೆಲಸ ಅವರದು. ದಿನಾ ಕೇರಳಕ್ಕೆ ಹೋಗುವ ಲಾರಿಗಳನ್ನು ನೋಡಿ ನೋಡಿ, ಪ್ರಪಂಚ ಹೇಗೆ ನಡೆಯುತ್ತದೆ ಎಂಬುದು ನಮ್ಮ ಬಳಗದಲ್ಲಿ ತಮಗೊಬ್ಬರಿಗೇ ಗೊತ್ತು ಎಂದು ಅವರು ನಂಬಿದ್ದರು. ನಾವೂ ಹಾಗೇ ನಂಬಿದ್ದೆವು. ನನ್ನ ಪಿಯುಸಿ ಫಲಿತಾಂಶ ಬಂದ ವಾರ ಭೀಮನಬೀಡಿನ ಪಕ್ಕದ ನಮ್ಮ ಊರಿಗೆ ಬಂದು, ಜಗಲಿಯ ಮೇಲೆ ಕುಳಿತು, ಅವ್ವ ಕೊಟ್ಟ ಟೀ ಆರಲು ಬಿಟ್ಟು, ಅಪ್ಪನ ಕಡೆ ತಿರುಗಿ ಮಾತು ತೆಗೆದರು.

"ಮಾರ್ಕ್ಸು ಬಂದದೆ, ಸರಿ. ಬರೀ ಮಾರ್ಕ್ಸ್ ಯಾವನ್ಗ್ ಬೇಕು ಬಾವ? ಚಾಮ್ರಾಜನಗರದ ಕಾಲೇಜ್ಲಿ ಬಿ.ಎಸ್ಸಿ ಸೀಟು ಅಂದ್ರೆ ಆಟ ಅಲ್ಲ. ಇನ್ಪ್ಲೂಯೆನ್ಸ್ ಬೇಕು. ನಿಂಗ್ ಯಾರವ್ರೆ?"

"ಯಾರವ್ರೆ? ಯಾರೂ ಇಲ್ಲ ಕಣ" ಎಂದ ಅಪ್ಪ.

"ಅಂಗಾದ್ರೆ ಬುಟ್ಬುಡು. ನಮ್ಮೋರಲ್ಲಿ ಇದು ಆಗಾಕಿಲ್ಲ. ಬೇಕಾದ್ರೆ ಬರ್ದ್ ಕೊಡ್ತೀನಿ."

"ನಿಂಗ್ ಬರ್ಯಾಕ್ ಯಾವಾಗ ಬಂತಣ್ಣ?" ಎಂದಳು ಒಳಗಿನಿಂದ ಅವ್ವ.

ಮಾವ ಜೋರಾಗಿ ನಕ್ಕರು. ಅಪ್ಪ ನಗಲಿಲ್ಲ.

ಇನ್‌ಫ್ಲುಯೆನ್ಸ್ ಎಂಬ ಪದವನ್ನು ನಾನು ಕಲಿತದ್ದು ಚಿಕ್ಕಂದಿನಲ್ಲಿ ಆ ಜಗಲಿಯಲ್ಲೇ, ಇಂಗ್ಲಿಷಿನ ಒಂದು ಪಾಠವನ್ನೂ ನೆಟ್ಟಗೆ ಓದಲು ಬರುವುದಕ್ಕೆ ಮೊದಲು. ನಮ್ಮ ಕಡೆ ಅದು ಇಂಗ್ಲಿಷ್ ಪದ ಎಂದು ಯಾರಿಗೂ ಅನ್ನಿಸುವುದಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರ್ ವಾರದೊಳಗೆ ಬದಲಾದ ಊರಿಗೆ ಇನ್‌ಫ್ಲುಯೆನ್ಸ್ ಇದೆ, ತಿಂಗಳಾದರೂ ಬದಲಾಗದ ಊರಿಗೆ ಇಲ್ಲ, ಅಷ್ಟೇ ಲೆಕ್ಕ. ವಯಸ್ಸಾದವರು ಅದನ್ನೇ ವಶೀಲಿ ಅನ್ನುತ್ತಿದ್ದರು. ಶಾಲೆಯ ಮೇಷ್ಟ್ರು ಶಿಫಾರಸು ಅನ್ನುತ್ತಿದ್ದರು. ಪುಣಜನೂರಿಗೆ ಮದುವೆಯಾಗಿ ಹೋದ ಚಿಕ್ಕಮ್ಮನ ಮನೆಯಲ್ಲಿ ಅರ್ಧ ತಮಿಳು, ಅವಳ ಬಾಯಲ್ಲಿ ಅದು ಸಿಪಾರ್ಸು. ಪೇಪರಿನವರು ಮಾತ್ರ ಪ್ರಭಾವ ಎಂದು ಬರೆಯುತ್ತಿದ್ದರು, ಅದನ್ನು ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಅವ್ವನ ಹತ್ತಿರ ಇದಕ್ಕೊಂದು ಹೆಸರೇ ಇರಲಿಲ್ಲ. ಅವಳು 'ಏಳ್ಸು' ಅನ್ನುತ್ತಿದ್ದಳು, ಅಂದರೆ ಹೇಳಿಸು. ಯಾರ ಕೈಲಾದರೂ ಏಳ್ಸಿ. ಅವ್ರ ಕೈಲಿ ಏಳ್ಸಿದ್ರಂತೆ, ಇವ್ರ ಕೈಲಿ ಏಳ್ಸಿದ್ರಂತೆ. ಅವಳ ಪ್ರಕಾರ ಹೇಳಿಸುವವರು ಇರುವ ಮನೆ ಒಂದು, ಇಲ್ಲದ ಮನೆ ಒಂದು. ನಮ್ಮದು ಇಲ್ಲದ ಮನೆ. ಅದನ್ನು ಅವಳು ದುಃಖವಿಲ್ಲದೆ ಹೇಳುತ್ತಿದ್ದಳು, ನಮ್ಮ ಹೊಲದಲ್ಲಿ ಬಾವಿ ಇಲ್ಲ ಅನ್ನುವ ಹಾಗೆ.

ಮಾವ ಹೋದ ಮಾರನೆಯ ಬೆಳಗ್ಗೆ ಅಪ್ಪ ಕೂಲಿಗೆ ಹೋಗಲಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ತಟ್ಟೆ ಇಳಿಸಿಕೊಡು ಎಂದು ಅವ್ವನನ್ನು ಕೇಳಿದ. ಹೆಣ್ಣು ಕೇಳಲು ಹೋಗುವಾಗ, ಶುಭಕಾರ್ಯಕ್ಕೆ ಹಿರಿಯರನ್ನು ಕರೆಯಲು ಹೋಗುವಾಗ ಮಾತ್ರ ಕೆಳಗಿಳಿಯುವ ತಟ್ಟೆ ಅದು. ಹುಣಸೆಹಣ್ಣು ಹಾಕಿ ತಿಕ್ಕಿದ. ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು, ನಾಲ್ಕು ಕೊಂಬು ಅರಿಶಿನ ಜೋಡಿಸಿದ. ಗುಂಡ್ಲುಪೇಟೆಯಲ್ಲಿ ಒಬ್ಬರು ಲೀಡರ್ ಇದ್ದರು. ಅವರು ಯಾವುದರ ಲೀಡರ್ ಎಂಬುದು ನನಗೆ ಇವತ್ತಿಗೂ ತಿಳಿಯದು, ಎಲ್ಲರೂ ಹಾಗೆ ಕರೆಯುತ್ತಿದ್ದರು. ಅವರ ತೋಟದಲ್ಲಿ ಅಪ್ಪ ಎರಡು ವರ್ಷ ಅರಿಶಿನ ಕಿತ್ತಿದ್ದ. ಅಷ್ಟೇ ಪರಿಚಯ.

"ನಿನ್ ಮಾರ್ಕ್ಸ್ ಕಾರ್ಡ್ ಕೊಡು ಕೂಸೇ" ಎಂದ.

ನಾನು ಜೆರಾಕ್ಸ್ ತೆಗೆದಿಟ್ಟಿದ್ದೆ, ಅದನ್ನು ಕೊಟ್ಟೆ. ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಇದು ಜೆರಾಕ್ಸ್ ಅಲ್ವಾ?"

"ಹೂಂ. ಎಲ್ರೂ ಅದನ್ನೇ ಕೊಡೋದು."

"ಆಪೀಸ್ನೋರ್ಗೆ ಕೊಡು ಇದ. ದೊಡ್ಡೋರ ಬಾಗ್ಲಿಗೆ ಓಗಿ ಜೆರಾಕ್ಸ್ ಕೊಡಾಕಾದದಾ? ಅಸಲು ಮನೇಲಿ ಮಡಿಕ್ಕೊಂಡು ನೆಳ್ಳು ಕೊಟ್ಟಂಗೆ ಆಯ್ತದೆ. ಮರ್ವಾದಿ ಅಲ್ಲ ಅದು."

"ಅಡ್ಮಿಶನ್‌ಗೆ ಅಸಲೇ ಬೇಕಪ್ಪ."

"ಅಡ್ಮಿಸನ್ ಮಾಡ್ಸೋರೇ ಅವ್ರು. ಅಸಲು ಅವ್ರ ತಾವೇ ಇದ್ರೆ ಇನ್ನೂ ಒಳ್ಳೇದಲ್ವಾ?"

ಟ್ರಂಕು ತೆಗೆದು, ಪ್ಲಾಸ್ಟಿಕ್ ಕವರಿನಿಂದ ಅಸಲನ್ನು ಈಚೆಗೆ ತೆಗೆದು, ತಟ್ಟೆಯಲ್ಲಿ ಎಲೆ ಅಡಿಕೆಯ ಮೇಲೆ ಇಟ್ಟೆ. ಕೊಟ್ಟವಳು ನಾನೇ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗ ನಾನು ಕೆಲಸ ಮಾಡುವ ಕಚೇರಿಯಲ್ಲಿ ನನ್ನ ಮೇಜಿನ ಮುಂದೆಯೂ ಜನ ಹೀಗೇ ಎರಡೂ ಕೈಯಲ್ಲಿ ಅಸಲು ಪತ್ರ ಚಾಚುತ್ತಾರೆ. ಕುದೇರು ಕಡೆಯಿಂದ ಬಂದ ಒಬ್ಬ ಅಜ್ಜಿ ಮೊನ್ನೆ ಪತ್ರದ ಜೊತೆ ಒಂದು ನಿಂಬೆಹಣ್ಣನ್ನೂ ಇಟ್ಟರು. ಯಾರೇ ಬರಲಿ, ನಾನು ಅಸಲನ್ನು ಅವರ ಚೀಲಕ್ಕೇ ವಾಪಸ್ ಹಾಕಿಸಿ, ಆಮೇಲೆ ಮಾತು ಶುರು ಮಾಡುತ್ತೇನೆ.

ಅಪ್ಪ ಮಧ್ಯಾಹ್ನ ಲೀಡರ್ ಮನೆಯಿಂದ ಹಗುರಾಗಿ ಬಂದ. "ಟೇಬಲ್ ಮ್ಯಾಲೆ ಬುಡ್ನಿಲ್ಲ ಕಣಮ್ಮಿ. ಬ್ಯಾಗ್ನೊಳಕ್ಕೇ ಮಡಿಕ್ಕೊಂಡ್ರು" ಎಂದ. ಅವ್ವ ಅವತ್ತು ಪಾಯಸ ಮಾಡಿದಳು.

ಜೆರಾಕ್ಸ್ ಇಟ್ಟು ನಾನು ಕಾಲೇಜಿಗೆ ಅರ್ಜಿ ಹಾಕಿದೆ. ಕೆಲವು ವಾರಗಳ ನಂತರ, ಒಂದು ಗುರುವಾರ, ಕಾಲೇಜಿನ ಗೋಡೆಯ ಮೇಲೆ ಸೀಟು ಸಿಕ್ಕವರ ಪಟ್ಟಿ ಹಾಕಿದರು. ಅಪ್ಪ, ನಾನು ಇಬ್ಬರೂ ತೆರಕಣಾಂಬಿ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋದೆವು. ಮೇಲಿನಿಂದ ಏಳನೆಯ ಹೆಸರು ನನ್ನದು. ಎಲ್ಲಿದೆ ಎಂದು ಅಪ್ಪ ಕೇಳಿದ. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, "ನೋಡ್ದಾ? ಏಳ್ಬುಟ್ಟವ್ರೆ" ಎಂದ. ನಿಜ ಹೇಳುತ್ತೇನೆ, ನಾನೂ ಅರ್ಧ ನಂಬಿದೆ. ಎಲ್ಲೋ ಯಾರೋ ನಮಗಾಗಿ ಒಂದು ಮಾತು ಆಡಿದ್ದಾರೆ ಎಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು.

ಒಳಗೆ ಕ್ಲರ್ಕ್ ಅಸಲು ಅಂಕಪಟ್ಟಿ ಕೇಳಿದರು. ಅದು ಲೀಡರ್ ಹತ್ತಿರ ಇದೆ, ನನ್ನ ಹೆಸರು ಬರೆಸಿದ್ದು ಅವರೇ ಅಲ್ಲವೇ ಎಂದು ಅಪ್ಪ ವಿವರಿಸಿದ. ಅವರು ಕನ್ನಡಕ ತೆಗೆದು ಅಪ್ಪನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಯಾರೂ ನಮಗೆ ಏನೂ ಹೇಳಿಲ್ವಲ್ಲ ಯಜಮಾನ್ರೇ. ಪಟ್ಟಿ ಮಾರ್ಕ್ಸ್ ಮೇಲೆ ಆಗಿರೋದು. ನಿಮ್ಮ ಮಗಳ ಮಾರ್ಕ್ಸ್‌ಗೆ ಯಾರು ಹೇಳ್ಬೇಕಿತ್ತು?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಶನಿವಾರ ಮಧ್ಯಾಹ್ನದೊಳಗೆ ಅಸಲು ತಂದುಬಿಡಮ್ಮ. ತಪ್ಪಿದ್ರೆ ಸೀಟು ಮುಂದಿನ ಹೆಸರಿಗೆ ಹೋಗುತ್ತೆ, ನನ್ನ ಕೈಲಿಲ್ಲ" ಎಂದರು.

ಶುಕ್ರವಾರ ಬೆಳಗ್ಗೆ ಲೀಡರ್ ಮನೆಯ ಗೇಟಿನ ಮುಂದೆ ನಿಂತೆವು. ಅವರು ಬೆಂಗಳೂರಿಗೆ ಹೋಗಿದ್ದಾರೆ, ಬ್ಯಾಗು ಕಾರಿನಲ್ಲೇ ಇರುತ್ತದೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದು ಮನೆಯವರು ಹೇಳಿದರು. ಅವರು ಕೊಟ್ಟ ನಂಬರಿಗೆ ಮಾಡಿದರೆ ಫೋನು ಸ್ವಿಚ್ ಆಫ್. ಎದುರಿನ ಹೊಂಗೆ ಮರದ ಕೆಳಗೆ ಕುಳಿತೆವು. ಬಿಳಿ ಕಾರು ಬಂದಾಗಲೆಲ್ಲ ಅಪ್ಪ ಎದ್ದು ನಿಲ್ಲುತ್ತಿದ್ದ, ಕಾರು ದಾಟಿ ಹೋದ ಮೇಲೆ ಕೂರುತ್ತಿದ್ದ. ಶನಿವಾರವೂ ಹಾಗೇ ಕುಳಿತೆವು. ಹನ್ನೆರಡೂವರೆಗೆ ಅಪ್ಪ ಟೈಮು ಕೇಳಿದ. ಆಮೇಲೆ ಕೇಳಲಿಲ್ಲ.

ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ, ಅಂಕಪಟ್ಟಿಯನ್ನು ಮೊಬೈಲಿನಲ್ಲೇ ತೆಗೆದು ತೋರಿಸಬಹುದಿತ್ತಲ್ಲ, ಇನ್ನೊಂದು ಪ್ರತಿಗೆ ಅರ್ಜಿ ಹಾಕಿ ಪ್ರಿನ್ಸಿಪಾಲರನ್ನು ಕೇಳಿಕೊಳ್ಳಬಹುದಿತ್ತಲ್ಲ ಅನ್ನುತ್ತಾರೆ. ಬಹುದಿತ್ತು. ಹಾಗೆ ಮಾಡು ಎಂದು ಹೇಳಿಕೊಡುವವರು ಇರಲಿಲ್ಲ.

ಭಾನುವಾರ ಮಾವ ಬಂದರು. "ನಾನ್ ಏಳ್ನಿಲ್ವಾ?" ಎಂದರು. ಅಷ್ಟೇ ಸಾಕಾಗಿತ್ತು.

ಆ ವರ್ಷ ನಾನು ಅವ್ವನ ಜೊತೆ ಚೆಂಡು ಹೂವಿನ ಹೊಲಕ್ಕೆ ಹೋದೆ. ನಮ್ಮ ಕಡೆ ಈ ಹೂ ದೇವರಿಗಿಂತ ಹೆಚ್ಚು ಫ್ಯಾಕ್ಟರಿಗೆ ಹೋಗುತ್ತದೆ, ಬಣ್ಣ ತೆಗೆಯುವುದಕ್ಕೆ. ಇಬ್ಬನಿಯಲ್ಲಿ ಕೀಳಲು ಶುರು ಮಾಡಿದರೆ ಬಿಸಿಲೇರುವ ಹೊತ್ತಿಗೆ ಬೆರಳುಗಳು ಹಸಿರುಗಪ್ಪಾಗಿ, ಸೋಪಿಗೂ ಬಿಡದ ಅಂಟು ಹತ್ತುತ್ತಿತ್ತು. ಊಟಿ ರಸ್ತೆಯಲ್ಲಿ ಹೋಗುವ ಕಾರುಗಳು ನಿಲ್ಲುತ್ತಿದ್ದವು. ಜನ ಇಳಿದು ಹೊಲದೊಳಗೆ ಬಂದು ಫೋಟೋ ಹಿಡಿದುಕೊಳ್ಳುತ್ತಿದ್ದರು. ಸ್ವಲ್ಪ ಪಕ್ಕಕ್ಕೆ ಹೋಗಿ ಎಂದು ಮಲಯಾಳದಲ್ಲಿ ಹೇಳುತ್ತಾ ಕೈಸನ್ನೆ ಮಾಡುತ್ತಿದ್ದರು. ಕೆಲವರು ನಾವು ಇದ್ದರೇ ಚಂದ ಎಂದು ಹಾಗೇ ಬಿಡುತ್ತಿದ್ದರು. ಯಾರದೋ ಫೋನಿನಲ್ಲಿ ನಾನು ಈಗಲೂ ಬಗ್ಗಿ ಹೂ ಕೀಳುತ್ತಿರಬಹುದು. ಅಪ್ಪ ಪಕ್ಕದ ಸಾಲಿನಲ್ಲೇ ಚೀಲ ಹೊರುತ್ತಿದ್ದ. ನನ್ನ ಚೀಲ ತುಂಬುವ ಮೊದಲೇ ಬಂದು ಎತ್ತಿಕೊಂಡು ಹೋಗುತ್ತಿದ್ದ.

ದೀಪಾವಳಿ ಕಳೆದ ಮೇಲೆ ಲೀಡರ್ ಊರಿನಲ್ಲಿದ್ದಾರೆ ಎಂದು ಗೊತ್ತಾಯಿತು. ಅಪ್ಪನ ಜೊತೆ ನಾನೂ ಹೋದೆ. ಅವರು ಫೋನಿನಲ್ಲಿ ಮಾತಾಡುತ್ತಲೇ ವರಾಂಡಕ್ಕೆ ಬಂದರು. ಅಪ್ಪ ಚಪ್ಪಲಿಯನ್ನು ಗೇಟಿನ ಆಚೆಯೇ ಬಿಟ್ಟಿದ್ದ. ಲೀಡರ್ ವಿಷಯ ತಿಳಿದು, ಓ ಅದಾ ಎಂದು, ಕಾರಿನ ಬಾಗಿಲು ತೆಗೆದು, ಕಾಗದಗಳ ಮಧ್ಯೆ ಹುಡುಕಿ ನನ್ನ ಅಂಕಪಟ್ಟಿ ಕೊಟ್ಟರು. ನಾಲ್ಕು ಮಡಿಕೆ ಮಾಡಿತ್ತು. ಹಿಂಬದಿಯಲ್ಲಿ ನೀಲಿ ಪೆನ್ನಿನಿಂದ ಯಾರದೋ ಫೋನ್ ನಂಬರು ಬರೆದಿತ್ತು, ಅದರ ಕೆಳಗೆ 'ಗೊಬ್ಬರ' ಎಂದಿತ್ತು.

"ಏನಯ್ಯ, ಕೆಲ್ಸ ಆಯ್ತಾ?" ಎಂದು ಕೇಳಿದರು. ಅವರು ಕೆಟ್ಟವರಲ್ಲ. ನಿಜವಾಗಿ ತಿಳಿಯಬೇಕೆಂದೇ ಕೇಳಿದರು.

ಅಪ್ಪ ಕೈ ಮುಗಿದು, "ಆಯ್ತು ಬುದ್ಧಿ" ಎಂದ.

"ಓದ್ಸು. ಚೆನ್ನಾಗಿ ಓದ್ಸು."

"ಆಯ್ತು ಬುದ್ಧಿ."

ಬಸ್ ನಿಲ್ದಾಣದವರೆಗೂ ನಾನು ಅಪ್ಪನಿಗಿಂತ ಮುಂದೆ ಮುಂದೆ ನಡೆದೆ. ಸುಳ್ಳು ಯಾಕೆ ಹೇಳಿದೆ ಎಂದು ಕೇಳಬೇಕಿತ್ತು. ಕೇಳಿದ್ದರೆ ಏನಾದರೂ ಹೇಳುತ್ತಿದ್ದನೇನೋ. ಅದರ ಬದಲು ನಿಂತು, ಹಿಂದಕ್ಕೆ ತಿರುಗಿ, ರಸ್ತೆಯಲ್ಲೇ ಹೇಳಿದೆ.

"ಇನ್ಮ್ಯಾಲೆ ನನ್ ಪೇಪರ್ ಯಾವ್ದನ್ನೂ ಮುಟ್ಬ್ಯಾಡ ನೀನು."

"ಆಯ್ತು ಕಣವ್ವ" ಎಂದ ಅಪ್ಪ. ಲೀಡರ್‌ಗೆ ಹೇಳಿದ ದನಿಯಲ್ಲೇ.

ಮುಂದಿನ ವರ್ಷ ಅದೇ ಕಾಲೇಜಿಗೆ ಮತ್ತೆ ಅರ್ಜಿ ಹಾಕಿದೆ. ಯಾರೂ ಯಾರ ಮನೆಗೂ ಹೋಗಲಿಲ್ಲ. ಹಿತ್ತಾಳೆ ತಟ್ಟೆ ಅಟ್ಟದಿಂದ ಇಳಿಯಲಿಲ್ಲ. ಮಡಿಕೆ ಬಿದ್ದ ಅಂಕಪಟ್ಟಿಯನ್ನೇ ಕೊಟ್ಟೆ. ಅದೇ ಕ್ಲರ್ಕ್ ಅದನ್ನು ತಿರುಗಿಸಿ ಗೊಬ್ಬರದ ನಂಬರು ನೋಡಿ, ನನ್ನ ಮುಖ ನೋಡಿ, ಸೇರಿಸಿಕೊಂಡರು.

ಬಸ್ ಪಾಸ್ ಅರ್ಜಿಗೆ ಪೋಷಕರ ಸಹಿ ಬೇಕಿತ್ತು. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಒಂದೊಂದೇ ಅಕ್ಷರ. ಟ್ರಂಕಿನ ಮೇಲೆ ಅರ್ಜಿ ಇಟ್ಟು ಕರೆದೆ. ಬಂದು ಕುಕ್ಕರಗಾಲಲ್ಲಿ ಕುಳಿತು ಬಲಗೈಯಲ್ಲಿ ಪೆನ್ನು ತೆಗೆದುಕೊಂಡ. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಹಿಡಿಯದ ಕಾಗದ ಜಾರತೊಡಗಿತು.

"ಹಿಡ್ಕೊ ಕೂಸೇ" ಎಂದ.

ನಾನು ಹಿಡಿದುಕೊಂಡೆ. ಸಹಿ ಮಾಡಿದ. ಇನ್ನೂ ಸಿಟ್ಟಿದೆಯೇನೋ ಎಂದುಕೊಂಡೆ, ಅವನಿಗೆ ನನ್ನ ಮೇಲೆ. ಕರೆಂಟ್ ಬಿಲ್ಲನ್ನು ಮುಟ್ಟುತ್ತಿದ್ದ, ಮದುವೆ ಕಾಗದಗಳನ್ನು ಮುಟ್ಟುತ್ತಿದ್ದ, ರೇಷನ್ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ನನ್ನವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಎರಡನೇ ವರ್ಷದ ಪರೀಕ್ಷೆಗೆ ಹಾಲ್ ಟಿಕೆಟ್ ಜಗಲಿಯ ಮೇಲಿಟ್ಟು ಒಳಗೆ ನೀರು ಕುಡಿಯಲು ಹೋಗಿದ್ದೆ. ಆಷಾಢದ ಗಾಳಿ, ಹಾರಿಸಿಕೊಂಡು ಹೋಯಿತು. ಈಚೆಗೆ ಬಂದು ನೋಡಿದರೆ ಅಪ್ಪ ಬೀದಿಯ ಮಧ್ಯೆ ನಿಂತಿದ್ದಾನೆ. ಓಡಿ ಹೋಗಿ, ಅದರ ಮೇಲೆ ಹೆಗಲ ಟವೆಲು ಹಾಕಿ, ಗಾಳಿಗೆ ಟವೆಲು ಏಳದಂತೆ ಅದರ ಎರಡು ತುದಿಗಳನ್ನು ಎರಡು ಕಾಲಲ್ಲಿ ಅದುಮಿ ನಿಂತು ಕೂಗುತ್ತಿದ್ದ. "ಕೂಸೇ, ನಿನ್ ಪೇಪರ್ ಬಿದ್ದದೆ. ಬಂದು ಎತ್ಕೊ."

ಸಿಟ್ಟಲ್ಲ ಎಂದು ಆಗ ತಿಳಿಯಿತು. ನಾನು ಹೇಳಿದ ಮಾತನ್ನು ಅವನು ನಡೆಸುತ್ತಿದ್ದ. ಆಗಲೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಟವೆಲು ಎತ್ತಿ, ಹಾಲ್ ಟಿಕೆಟ್ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ನಮ್ಮ ಮನೆಗಳಲ್ಲಿ ತಪ್ಪಾಯ್ತು ಎಂದು ಹೇಳುವ ರೂಢಿ ಇಲ್ಲ. ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಅದೇ ವರ್ಷ ಇಂಗ್ಲಿಷ್ ಮೇಡಂ ಒಂದು ದಿನ ಇನ್‌ಫ್ಲುಯೆನ್ಸ್ ಎಂಬ ಪದವನ್ನೇ ಬೋರ್ಡಿನ ಮೇಲೆ ಬರೆದರು. ಅದೇ ಅರ್ಥದ ಬೇರೆ ಪದಗಳನ್ನು ಹೇಳಿ, ಕನ್ನಡದಲ್ಲಾದರೂ ಸರಿ ಎಂದರು. ಇಂಗ್ಲಿಷ್ ತರಗತಿಯಲ್ಲಿ ಅಷ್ಟು ಗಲಾಟೆ ಎಂದೂ ಆಗಿರಲಿಲ್ಲ. ವಶೀಲಿ, ಲಿಂಕು, ಫೋನು, ಒಳಗಿನೋರು, ಕೈ ಉದ್ದ ಇರೋರು. ಗುಂಡ್ಲುಪೇಟೆಯ ಹುಡುಗಿಯೊಬ್ಬಳು, "ನಮ್ ಚಿಕ್ಕಪ್ಪ ಮೇಡಂ" ಎಂದಳು. ಚೆಂಡು ಹೂವಿನ ಹೊಲದಲ್ಲಿ ರೀಲ್ಸ್ ಮಾಡುತ್ತಿದ್ದ ಹುಡುಗ ಎದ್ದು, "ಮೇಡಂ, ನಾನೇ ಇನ್‌ಫ್ಲುಯೆನ್ಸರ್" ಎಂದ. ಹಿಂದಿನಿಂದ ಒಬ್ಬ, "ನಿಮ್ಮಪ್ಪನೇ ನಿನ್ ರೀಲ್ಸ್ ನೋಡಾಕಿಲ್ಲ, ಕೂತ್ಕಳ್ಲಾ" ಎಂದ. ಮೇಡಂ ಕೂಡ ನಕ್ಕರು. ಆಮೇಲೆ ಆ ಪದ ಹಾಕಿ ಸ್ವಂತ ವಾಕ್ಯ ಒಂದನ್ನು ಬರೆಯಲು ಹೇಳಿದರು. ನನ್ನ ತಂದೆಗೆ ಯಾವ ಇನ್‌ಫ್ಲುಯೆನ್ಸೂ ಇಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಬರೆದೆ. ನನ್ನ ವಾಕ್ಯಗಳಲ್ಲಿ ಯಾವಾಗಲೂ ಏನಾದರೊಂದು ತಪ್ಪಿರುತ್ತಿತ್ತು. ಆ ದಿನ ಇರಲಿಲ್ಲ. ಮೇಡಂ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿ ಮುಂದಿನ ಬೆಂಚಿಗೆ ಹೋದರು.

ಗಂಟೆ ಹೊಡೆಯುವ ಮೊದಲು ಅವರು ಇನ್ನೊಂದು ಮಾತು ಹೇಳಿದರು. ಒಬ್ಬರ ನಡತೆ ನಮಗೆ ಗೊತ್ತಿಲ್ಲದೆ ನಮ್ಮೊಳಗೆ ಇಳಿದಿದ್ದರೆ ಅದಕ್ಕೂ ಇದೇ ಪದ, ಅದಕ್ಕೆ ಯಾರೂ ಫೋನು ಮಾಡಬೇಕಾಗಿಲ್ಲ ಎಂದರು. ಬಸ್ಸಿನಲ್ಲಿ ಆ ನೋಟ್ಸ್ ತೆಗೆದೆ. ತೆಗೆಯುವ ಮೊದಲು ಎರಡೂ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡೆ. ಪುಸ್ತಕ ಮುಟ್ಟುವ ಮೊದಲು ಕೈ ಒರೆಸಿಕೊಳ್ಳುವುದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಗೇಟಿನ ಆಚೆಯೇ ಚಪ್ಪಲಿ ಬಿಡುವುದನ್ನೂ ಹೇಳಿಕೊಟ್ಟಿರಲಿಲ್ಲ, ಆ ಅಭ್ಯಾಸ ಬಿಡಲು ನಾನು ಇನ್ನೂ ಕಷ್ಟಪಡುತ್ತಿದ್ದೇನೆ. ಆ ಸರಿ ಗುರುತು ಇರುವ ಹಾಳೆ ಈಗಲೂ ನನ್ನ ಹತ್ತಿರ ಇದೆ. ಹರಿದು ಹಾಕಬೇಕು ಎಂದು ಅನೇಕ ಸಲ ತೆಗೆದಿದ್ದೇನೆ.

ಪದವಿ ಪ್ರಮಾಣಪತ್ರ ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದ ದಿನ ಒಬ್ಬಳೇ ಹೋಗಿ ತಂದೆ. ನಮ್ಮ ಬಳಗದಲ್ಲಿ ಮೊದಲನೆಯದು. ಬಸ್ಸಿನಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಾ, ಕವರನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದೆ. ಯಾರೂ ಕೇಳಲಿಲ್ಲ. ಮನೆ ತಲುಪುವಾಗ ಮೂರು ಗಂಟೆ. ಮಾವ ಬಂದಿದ್ದರು, ಜಗಲಿಯ ಮೇಲೆ ಅದೇ ಜಾಗದಲ್ಲಿ ಕುಳಿತಿದ್ದರು. ಅಪ್ಪ ಸ್ವಲ್ಪ ದೂರದಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದ.

"ಅಂತೂ ಮಾಡ್ಬುಟ್ಟೆ ಕಣಮ್ಮಿ" ಎಂದರು ಮಾವ. "ಯಾರ್ ಕೈಲಿ ಏಳ್ಸಿದೆ?"

"ಯಾರ್ ಕೈಲೂ ಇಲ್ಲ ಮಾವ."

ಮಾವ ಟೀ ಲೋಟದೊಳಗೆ ನೋಡಿದರು. "ಇರ್ಲಿ ಬುಡು" ಎಂದರು.

ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ಕವರಿನಿಂದ ಅದನ್ನು ತೆಗೆದು ಅಪ್ಪನ ಮುಂದೆ ಹಿಡಿದೆ. ಅಪ್ಪ ಕತ್ತು ಮುಂದೆ ಚಾಚಿ ನೋಡಿದ. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

"ತಗೊಳಪ್ಪ" ಎಂದೆ. "ಅವತ್ತು ರಸ್ತೇಲಿ ನಾನ್ ಅಂದಿದ್ ಮಾತ್ನ ಬುಟ್ಬುಡು. ಮುಟ್ಟು."

ಅವನು ಅವ್ವನ ಮುಖ ನೋಡಿದ. ಹೆಗಲ ಟವೆಲು ತೆಗೆದು ಕೈ ಒರೆಸಿಕೊಂಡ. ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡ. ನಾನು ಅದನ್ನು ಅವನ ಎರಡೂ ಕೈಯ ಮೇಲೆ ಇಟ್ಟೆ. ತಟ್ಟೆ ಹಿಡಿಯುವ ಹಾಗೆ, ಬೆರಳು ಮೇಲೆ ಬರದಂತೆ, ಅಂಚಿನಲ್ಲಿ ಹಿಡಿದ. ಬೆಳಕಿನ ಕಡೆ ತಿರುಗಿಸಿ ಮುದ್ರೆಯ ಉಬ್ಬನ್ನು ನೋಡಿದ.

"ಇದು ಅಸಲಾ?"

"ಹೂಂ ಅಪ್ಪ. ಅಸಲೇ."

ಅವ್ವನ ಕಡೆಗೂ ಒಮ್ಮೆ ತಿರುಗಿಸಿ ತೋರಿಸಿದ.

"ನಂಗೆ ಜೆರಾಕ್ಸೇ ಸಾಕಾಗಿತ್ತಲ್ಲ ಕೂಸೇ" ಎಂದ.